ಕಾರ್ಖಾನೆಯಲ್ಲಿ ಹಿರಿಯರು ಯಾರು?

ಬೇಸಗೆಯ ಬೆಳಗಿನ ಜಾವ ಬೀದಿಯ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಕೊಡಗಳನ್ನು ತಾವು ನೋಡಿಯೇ ಇರುತ್ತೀರಿ. ಕೊಡದ ಒಡತಿ ಅಲ್ಲಿ ನಿಂತಿರುವುದಿಲ್ಲ. ಮನೆಯಲ್ಲಿ ಒಲೆ ಹೊತ್ತಿಸುತ್ತಲೋ ಮಗುವನ್ನು ಎಬ್ಬಿಸುತ್ತಲೋ ಇರುತ್ತಾಳೆ. ಆದರೂ ಆಕೆಯ ಕೊಡ ಇರುವ ಜಾಗ ಆಕೆಯದೇ. ಸಿರಿವಂತರ ಹಿತ್ತಾಳೆಯ ಕೊಡ ತಡವಾಗಿ ಬಂದರೆ ಬಡವಿಯ ಮಣ್ಣಿನ ಕೊಡದ ಹಿಂದೆ ಕೂರಬೇಕು. ಯಾರಾದರೂ ಸದ್ದಿಲ್ಲದೆ ಒಂದು ಕೊಡವನ್ನು ಹಿಂದಕ್ಕೆ ಸರಿಸಿದರೆ ಬೀದಿಗೆ ಬೀದಿಯೇ ಜಗಳಕ್ಕೆ ಏಳುತ್ತದೆ. ಈ ಕಾನೂನನ್ನು ಯಾವ ಶಾಸನಸಭೆಯೂ ಮಾಡಲಿಲ್ಲ. ನೀರು ಕಡಮೆ, ಬಾಯಾರಿದವರು ಹೆಚ್ಚು ಎಂಬಲ್ಲಿ ಮನುಷ್ಯನು ತಾನಾಗಿ ಕಂಡುಕೊಂಡ ನ್ಯಾಯ ಅದು: ಮೊದಲು ಬಂದವರಿಗೆ ಮೊದಲು.

ಇದೇ ನ್ಯಾಯವು ಕಾರ್ಖಾನೆಯ ಬಾಗಿಲನ್ನು ದಾಟಿ ಒಳಕ್ಕೆ ಹೋದಾಗ ಅದಕ್ಕೆ ಸೇವಾ ಜ್ಯೇಷ್ಠತೆ ಎಂದು ಹೆಸರು. ಕೆಲಸಗಾರರ ಬಾಯಲ್ಲಿ ಸೀನಿಯಾರಿಟಿ. ಕೆಲಸ ಕಡಮೆಯಾದಾಗ ಯಾರನ್ನು ಮನೆಗೆ ಕಳುಹಿಸಬೇಕು, ಮತ್ತೆ ಕೆಲಸ ಬಂದಾಗ ಯಾರನ್ನು ಮೊದಲು ಕರೆಯಬೇಕು, ಹಗಲು ಪಾಳಿ ಯಾರಿಗೆ, ರಾತ್ರಿ ಪಾಳಿ ಯಾರಿಗೆ, ಒಳ್ಳೆಯ ಯಂತ್ರ ಯಾರಿಗೆ ಎಂಬ ಪ್ರಶ್ನೆಗಳಿಗೆಲ್ಲ ಒಂದೇ ಪಟ್ಟಿ ಉತ್ತರ ಹೇಳುತ್ತದೆ. ಕೇಳುವುದಕ್ಕೆ ಸರಳವಾದ ಮಾತು. ಆದರೆ ಮೊದಲು ಬಂದವರು ಯಾರು ಎಂದು ಕೇಳಿದೊಡನೆ, ಎಲ್ಲಿಗೆ ಮೊದಲು ಬಂದವರು ಎಂಬ ಇನ್ನೊಂದು ಪ್ರಶ್ನೆ ಅದರ ಬೆನ್ನಿಗೇ ನಿಲ್ಲುತ್ತದೆ. ಕಾರ್ಖಾನೆಗೆ ಬಂದವರೋ, ಒಂದು ವಿಭಾಗಕ್ಕೆ ಬಂದವರೋ, ಒಂದು ಕಸುಬಿಗೆ ಬಂದವರೋ? ಈ ಎರಡನೆಯ ಪ್ರಶ್ನೆಯ ಸುತ್ತ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಅರ್ಧ ಶತಮಾನದ ಕತೆಯನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು, ಪಟ್ಟಿಯೇ ಇಲ್ಲದ ಕಾಲ ಹೇಗಿತ್ತೆಂಬುದನ್ನು ನೋಡೋಣ. 1920ರ ಮತ್ತು 1930ರ ದಶಕಗಳಲ್ಲಿ ಮಿಷಿಗನ್ ಸಂಸ್ಥಾನದ ಡೆಟ್ರಾಯಿಟ್ ಮತ್ತು ಫ್ಲಿಂಟ್ ನಗರಗಳು ಮೋಟಾರು ಕಾರುಗಳ ತೌರುಮನೆಗಳಾಗಿದ್ದವು. ಪ್ರತಿವರ್ಷವೂ ಹೊಸ ಮಾದರಿಯ ಕಾರು ಬರಬೇಕು. ಹಳೆಯ ಮಾದರಿ ಮುಗಿದು ಹೊಸದಕ್ಕೆ ಯಂತ್ರಗಳನ್ನು ಅಣಿಗೊಳಿಸುವ ತನಕ ಸಾವಿರಾರು ಕೆಲಸಗಾರರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಮತ್ತೆ ಬಾಗಿಲು ತೆರೆದಾಗ ಯಾರನ್ನು ಒಳಕ್ಕೆ ಕರೆಯಬೇಕೆಂಬುದು ಫೋರ್‌ಮನ್‌ನ ಇಚ್ಛೆ. ಹತ್ತು ವರ್ಷ ದುಡಿದವನು ಹೊರಗೇ ನಿಂತು, ನಿನ್ನೆ ಬಂದ ಫೋರ್‌ಮನ್‌ನ ನೆಂಟ ಒಳಗೆ ಹೋದರೆ ಕೇಳುವವರಿಲ್ಲ. ಫೋರ್‌ಮನ್‌ನ ಮನೆಗೆ ಬಣ್ಣ ಬಳಿದುಕೊಟ್ಟವರು, ಕಾಣಿಕೆಯ ಬಾಟಲಿ ಕೊಂಡೊಯ್ದವರು ಇದ್ದರೆಂದು ಆ ಕಾಲದ ಕೆಲಸಗಾರರೇ ಮುಂದೆ ನೆನೆದುಕೊಂಡಿದ್ದಾರೆ. ಅವರ ಸಿಟ್ಟಿನ ಮೂಲ ಕೂಲಿಯ ಕೊರತೆಯೊಂದೇ ಅಲ್ಲ. ನಡುವಯಸ್ಸಿನ ಸಂಸಾರಸ್ಥನು ಇನ್ನೊಬ್ಬನ ಮುಖ ನೋಡಿ ಬದುಕಬೇಕಾದ ಅವಮಾನ ಅದಕ್ಕಿಂತ ಆಳವಾಗಿ ನಾಟಿತ್ತು.

1934ರ ಮಾರ್ಚ್ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಮಧ್ಯೆ ಬಂದು ಒಂದು ರಾಜಿ ಮಾಡಿಸಿದರು. ಕೆಲಸದಿಂದ ನಿಲ್ಲಿಸುವಾಗ ಮೊದಲು ಹೆಂಡತಿ ಮಕ್ಕಳಿರುವವರನ್ನು ಗಮನಿಸಬೇಕು, ಅನಂತರ ಸೇವೆಯ ಹಿರಿತನ, ನೈಪುಣ್ಯ ಮತ್ತು ದಕ್ಷತೆಗಳನ್ನು ನೋಡಬೇಕು ಎಂದು ಅದರಲ್ಲಿತ್ತು. ಮಾತೇನೋ ಕರುಣೆಯದೇ. ಆದರೆ ಯಾರು ನಿಪುಣ, ಯಾರು ದಕ್ಷ ಎಂದು ತೀರ್ಮಾನಿಸುವ ಅಧಿಕಾರ ಕಂಪನಿಯ ಕೈಯಲ್ಲೇ ಉಳಿಯಿತು. ಫೋರ್‌ಮನ್‌ನ ಮರ್ಜಿಗೆ ಒಂದು ಹೊಸ ಅಂಗಿ ತೊಡಿಸಿದಂತಾಯಿತು, ಅಷ್ಟೆ.

1936ರ ಡಿಸೆಂಬರ್ 30ರಂದು ಫ್ಲಿಂಟ್ ನಗರದಲ್ಲಿ ಜನರಲ್ ಮೋಟಾರ್ಸ್ ಕಂಪನಿಗೆ ಸೇರಿದ ಫಿಷರ್ ಬಾಡಿ ಕಾರ್ಖಾನೆಗಳ ಕೆಲಸಗಾರರು ಕೆಲಸ ನಿಲ್ಲಿಸಿದರು. ಹೊರಕ್ಕೆ ಬರಲಿಲ್ಲ, ಯಂತ್ರಗಳ ನಡುವೆಯೇ ಕುಳಿತುಬಿಟ್ಟರು. ಹೊರಗೆ ನಿಂತರೆ ಅವರ ಜಾಗಕ್ಕೆ ಬೇರೆಯವರನ್ನು ತರಬಹುದು, ಒಳಗೆ ಕುಳಿತರೆ ಹೇಗೆ ತರುವುದು? ಕೊರೆಯುವ ಚಳಿಗಾಲದಲ್ಲಿ 44 ದಿನ ಅವರು ಅಲ್ಲೇ ಉಂಡು ಅಲ್ಲೇ ಮಲಗಿದರು. ಹೊರಗಿನಿಂದ ಹೆಂಗಸರು ಅಡುಗೆ ಮಾಡಿ ಕಳುಹಿಸಿದರು; ಪೊಲೀಸರು ನುಗ್ಗಿ ಬಂದಾಗ ಎದುರು ನಿಲ್ಲಲು ತಮ್ಮದೇ ಒಂದು ಪಡೆಯನ್ನೂ ಕಟ್ಟಿದರು. ಸಂಸ್ಥಾನದ ಗವರ್ನರ್ ಫ್ರಾಂಕ್ ಮರ್ಫಿ ಸೈನಿಕರನ್ನು ಕರೆಸಿದರೂ ಅವರನ್ನು ಕೆಲಸಗಾರರ ಮೇಲೆ ಬಿಡಲಿಲ್ಲ. 1937ರ ಫೆಬ್ರವರಿ 11ರಂದು ಕಂಪನಿಯು ಮೋಟಾರು ಕೆಲಸಗಾರರ ಸಂಘದೊಡನೆ ಒಪ್ಪಂದಕ್ಕೆ ಬಂದಿತು. ಮಾರ್ಚ್ 12ರ ವಿವರವಾದ ಕರಾರಿನಲ್ಲಿ ಜ್ಯೇಷ್ಠತೆಯ ನಿಯಮಗಳು ಅಕ್ಷರರೂಪದಲ್ಲಿ ಸೇರಿದವು.

ಅಂದಿನಿಂದ ಫೋರ್‌ಮನ್‌ನ ಮನಸ್ಸಿನಲ್ಲಿದ್ದ ಪಟ್ಟಿ ಕಾಗದಕ್ಕೆ ಇಳಿಯಿತು. ಪರೀಕ್ಷೆಯ ಅವಧಿ ಮುಗಿಸಿದವನ ಹೆಸರು, ಅವನು ಸೇರಿದ ತಾರೀಖಿನೊಡನೆ, ಸಾಲಿನಲ್ಲಿ ನಿಲ್ಲುತ್ತದೆ. ಕಡೆಗೆ ಬಂದವನು ಮೊದಲು ಹೊರಕ್ಕೆ, ಮೊದಲು ಬಂದವನು ಕಡೆಗೆ. ಕರೆಯುವಾಗ ಇದಕ್ಕೆ ತಿರುಗುಮುರುಗು. ಹೊಗಳಿಕೆಯಿಂದಾಗಲಿ ಕಾಣಿಕೆಯಿಂದಾಗಲಿ ತಾರೀಖು ಬದಲಾಗುವುದಿಲ್ಲ. ಜಾಣನಿಗೂ ಸಾಧಾರಣನಿಗೂ ಒಂದೇ ಅಳತೆಯೆ ಎಂದು ತಾವು ಕೇಳಬಹುದು. ಆ ಆಕ್ಷೇಪಣೆ ಅಂದೂ ಇತ್ತು, ಮುಂದೆಯೂ ಇದ್ದೇ ಇತ್ತು. ಕೆಲಸಗಾರರ ಉತ್ತರ ಇಷ್ಟೇ: ತಾರೀಖು ಕುರುಡಾಗಿರಬಹುದು, ಆದರೆ ಅದಕ್ಕೆ ನೆಂಟರಿಲ್ಲ.

ಆದರೆ ಈ ಪಟ್ಟಿ ಇಡೀ ಕಾರ್ಖಾನೆಗೆ ಒಂದೇ ಆಗಿರಲಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಲಾಗದಂತಹ ಕೆಲಸಗಳನ್ನು ಗುಂಪುಗುಂಪಾಗಿ ಬೇರ್ಪಡಿಸಿ, ವಿಭಾಗಕ್ಕೊಂದು, ಗುಂಪಿಗೊಂದು ಸಾಲು ಮಾಡಲಾಗಿತ್ತು. ಇವುಗಳಲ್ಲಿ ಎಲ್ಲಕ್ಕಿಂತ ಬಿಗಿಯಾದ ಬೇಲಿ ಕುಶಲ ಕಸುಬುದಾರರ ಸಾಲಿನ ಸುತ್ತ ಇತ್ತು.

ಈ ಕಸುಬುದಾರರು ಯಾರು? ತಮ್ಮ ರೇಡಿಯೋದ ಗುಂಡಿಯನ್ನು ಒಮ್ಮೆ ನೋಡಿ. ಯಂತ್ರದ ಮುಂದೆ ನಿಂತವನೊಬ್ಬ ಅಂತಹ ಗುಂಡಿಗಳನ್ನು ದಿನವೆಲ್ಲ ಒತ್ತಿ ಒತ್ತಿ ತೆಗೆಯಬಹುದು. ಆದರೆ ಆ ಗುಂಡಿಯ ಅಚ್ಚನ್ನು ಉಕ್ಕಿನಲ್ಲಿ ಕೊರೆದವನು ಬೇರೆ. ಕಾರಿನ ಬಾಗಿಲಿನ ತಗಡು ಬಾಗುವುದು ಅವನು ಮಾಡಿಕೊಟ್ಟ ಅಚ್ಚಿನಲ್ಲಿಯೇ. ಅಚ್ಚು ಕೂದಲೆಳೆಯಷ್ಟು ತಪ್ಪಿದರೆ ಸಾವಿರ ಬಾಗಿಲು ತಪ್ಪುತ್ತವೆ. ಇವನೇ ಟೂಲ್ ಅಂಡ್ ಡೈ ಮೇಕರ್. ಇವನ ಜೊತೆಗೆ ಎಲೆಕ್ಟ್ರಿಷಿಯನ್, ಪೈಪ್ ಫಿಟ್ಟರ್, ಯಂತ್ರಗಳನ್ನು ನೆಲೆಗೊಳಿಸುವ ಮಿಲ್‌ರೈಟ್, ಎರಕಕ್ಕೆ ಮರದ ಮಾದರಿ ಮಾಡುವ ಪ್ಯಾಟರ್ನ್ ಮೇಕರ್. ಸಾಮಾನ್ಯವಾಗಿ ನಾಲ್ಕು ವರ್ಷ ಅಪ್ರೆಂಟಿಸ್ ಆಗಿ ಕೈ ಪಳಗಿಸಿದ ಮೇಲೆಯೇ ಇವರಿಗೆ ಪೂರ್ಣ ಕಸುಬುದಾರನೆಂಬ ಮನ್ನಣೆ.

ಸಂಖ್ಯೆಯಲ್ಲಿ ಕಡಮೆಯಾದರೂ ಇವರ ಬಲ ದೊಡ್ಡದು. 1939ರ ಬೇಸಗೆಯಲ್ಲಿ, ಮುಂದಿನ ವರ್ಷದ ಕಾರುಗಳಿಗೆ ಅಚ್ಚುಗಳು ಸಿದ್ಧವಾಗಬೇಕಾದ ಹೊತ್ತಿನಲ್ಲೇ, ಜನರಲ್ ಮೋಟಾರ್ಸಿನ ಟೂಲ್ ಅಂಡ್ ಡೈ ಕೆಲಸಗಾರರು ಮುಷ್ಕರ ಹೂಡಿದರು. ಹಂಚಿಕೆ ವಾಲ್ಟರ್ ರೂಥರ್ ಅವರದು; ಆತನೂ ಡೈ ಮೇಕರ್ ಆಗಿದ್ದವನೇ. ಅಚ್ಚಿಲ್ಲದೆ ಹೊಸ ಕಾರಿಲ್ಲ. ಒಳಜಗಳದಿಂದ ಒಡೆದು ಸೊರಗಿದ್ದ ಸಂಘವು, ಸುಮಾರು ಒಂದು ತಿಂಗಳಲ್ಲಿ, ಕೆಲವೇ ಸಾವಿರ ಕಸುಬುದಾರರ ಬಲದಿಂದ ಮತ್ತೆ ತಲೆಯೆತ್ತಿತು.

ಇಂತಹ ಕಸುಬಿನೊಳಗೆ ಜ್ಯೇಷ್ಠತೆಯ ಲೆಕ್ಕ ಹೇಗೆ? ಒಂದು ಉದಾಹರಣೆಯಿಂದ ವಿಶದಪಡಿಸುತ್ತೇನೆ. ಒಬ್ಬನು 20 ವರ್ಷ ಕಾರು ಜೋಡಿಸುವ ಸಾಲಿನಲ್ಲಿ ದುಡಿದಿದ್ದಾನೆನ್ನಿ. ನಲವತ್ತು ದಾಟಿದ ಮೇಲೆ ಅವನಿಗೆ ಎಲೆಕ್ಟ್ರಿಷಿಯನ್ ಆಗುವ ಯೋಗ ಬರುತ್ತದೆ. ರಜೆಗೂ ನಿವೃತ್ತಿ ವೇತನಕ್ಕೂ ಅವನ 20 ವರ್ಷ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತವೆ. ಆದರೆ ಎಲೆಕ್ಟ್ರಿಷಿಯನ್ನರ ಪಟ್ಟಿಯಲ್ಲಿ ಅವನ ಹುಟ್ಟು ಅಂದೇ. ಅವನಿಗಿಂತ ಒಂದು ವಾರ ಮುಂಚೆ ಆ ಕಸುಬಿಗೆ ಸೇರಿದ ಇಪ್ಪತ್ಮೂರರ ಹುಡುಗ ಅವನಿಗೆ ಹಿರಿಯ. ಹಗಲು ಪಾಳಿ ಹುಡುಗನಿಗೆ, ರಾತ್ರಿ ಪಾಳಿ ಇವನಿಗೆ. ಕೆಲಸ ಕಡಮೆಯಾದರೆ ಮೊದಲು ಇಳಿಯುವವನೂ ಇವನೇ.

ಅನ್ಯಾಯವೆನಿಸುತ್ತದೆಯೆ? ಕಸುಬುದಾರರ ವಾದವನ್ನೂ ಕೇಳಬೇಕು. ಕಾರ್ಖಾನೆಯ ಹಿರಿತನವನ್ನೇ ಕಸುಬಿಗೂ ತಂದರೆ, ತಂತಿ ಹಿಡಿದು ಅಭ್ಯಾಸವಿಲ್ಲದವನು ಹತ್ತು ವರ್ಷದ ಎಲೆಕ್ಟ್ರಿಷಿಯನ್‌ನನ್ನು ಹೊರಕ್ಕೆ ತಳ್ಳಿಯಾನು. ಯಂತ್ರ ಕೆಟ್ಟ ರಾತ್ರಿ ಉತ್ತರ ಹೇಳುವವರು ಯಾರು? ಚಿಕ್ಕ ಕೂಲಿಗೆ ನಾಲ್ಕು ವರ್ಷ ಅಪ್ರೆಂಟಿಸ್ ಆಗಿ ಕಲಿತವನ ಕಷ್ಟಕ್ಕೆ ಬೆಲೆ ಎಲ್ಲಿ? ಕಂಪನಿಯು ಅರೆಕಲಿತವರನ್ನು ತುರುಕಿ ಕಸುಬಿನ ಕೂಲಿಯನ್ನೇ ಕೆಳಗಿಳಿಸೀತೆಂಬ ಹೆದರಿಕೆಯೂ ಅವರಿಗಿತ್ತು. ಈ ಮಾತುಗಳಲ್ಲಿ ಹುರುಳಿದೆ. ಕಸುಬಿನ ಬೇಲಿ ಕಸುಬನ್ನು ಕಾಯುತ್ತದೆಂಬುದು ಸುಳ್ಳಲ್ಲ.

ಆದರೆ ಬೇಲಿಗೆ ಒಂದು ಬಾಗಿಲಿರಬೇಕು. ಆ ಬಾಗಿಲಲ್ಲಿ ನಿಂತವರು ಯಾರನ್ನು ಒಳಗೆ ಬಿಟ್ಟರು? ಕತೆಯ ನೋವಿನ ಭಾಗ ಇಲ್ಲಿಂದ ಮೊದಲಾಗುತ್ತದೆ. ಅಮೆರಿಕದ ಕಾರ್ಖಾನೆಗಳಲ್ಲಿ ಕಪ್ಪು ಜನಾಂಗದ ಕೆಲಸಗಾರರಿಗೆ ಬಹುಕಾಲ ದೊರೆತದ್ದು ಎರಕದ ಮನೆ, ಕುಲುಮೆಯ ಬಾಯಿ, ಕಸಗುಡಿಸುವ ಕೆಲಸ. ಅಪ್ರೆಂಟಿಸ್ ಆಗುವ ದಾರಿ ಅವರಿಗೆ ಮುಚ್ಚಿತ್ತು. ಎಷ್ಟೋ ಊರುಗಳಲ್ಲಿ ಕಸುಬಿನ ಸಂಘಗಳು ಅವರನ್ನು ಸದಸ್ಯರನ್ನಾಗಿಯೇ ಸೇರಿಸಿಕೊಳ್ಳಲಿಲ್ಲ. ತಂದೆ ಕಸುಬುದಾರ, ಅವನ ಮಾತಿನ ಮೇಲೆ ಮಗ, ಮಗನ ಮಾತಿನ ಮೇಲೆ ನೆಂಟ, ಹೀಗೆ ಸಾಲು ಬೆಳೆಯುತ್ತಿತ್ತು. ಫೋರ್‌ಮನ್‌ನ ನೆಂಟನನ್ನು ಹೊರಗಿಡಲು ಹುಟ್ಟಿದ ಪಟ್ಟಿ ಕಸುಬುದಾರನ ನೆಂಟನನ್ನು ಒಳಗಿಟ್ಟುಕೊಂಡು ಬಾಗಿಲು ಹಾಕಿತು.

ಒಂದು ಉಕ್ಕಿನ ಕಾರ್ಖಾನೆಯ ಉದಾಹರಣೆ ನೋಡಿ. ನ್ಯೂಯಾರ್ಕ್ ಸಂಸ್ಥಾನದ ಬಫಲೋ ನಗರದ ಮಗ್ಗುಲಲ್ಲಿರುವ ಲ್ಯಾಕವಾನದಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ದೊಡ್ಡ ಕಾರ್ಖಾನೆಯಿತ್ತು. ಅಲ್ಲಿ ಕಪ್ಪು ಕೆಲಸಗಾರರನ್ನು ಹೆಚ್ಚಾಗಿ ಕಾವಿನ, ಹೊಗೆಯ, ಕೊಳೆಯ ವಿಭಾಗಗಳಿಗೆ ಕಳುಹಿಸುತ್ತಿದ್ದರು. ಜ್ಯೇಷ್ಠತೆಯ ಲೆಕ್ಕ ವಿಭಾಗಕ್ಕೆ ಮಾತ್ರ. ಒಳ್ಳೆಯ ವಿಭಾಗಕ್ಕೆ ಹೋಗಬೇಕೆಂದರೆ ಹಿಂದಿನ ಸೇವೆಯನ್ನೆಲ್ಲ ಬಿಟ್ಟು, ಕಡಮೆ ಕೂಲಿಗೆ ಒಪ್ಪಿ, ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹತ್ತಬೇಕು. ಹದಿನೈದು ವರ್ಷ ಕುಲುಮೆಯ ಮುಂದೆ ಬೆಂದವನು, ಮನೆಯಲ್ಲಿ ನಾಲ್ಕು ಮಕ್ಕಳಿರುವಾಗ, ಹೇಗೆ ಹೋಗಿಯಾನು? ಬಾಗಿಲು ತೆರೆದೇ ಇದೆಯಲ್ಲ ಎಂದು ನಿಯಮ ಹೇಳುತ್ತಿತ್ತು. ಹೊಸಿಲು ದಾಟಿದರೆ ಗಳಿಸಿದ್ದೆಲ್ಲ ಹೋಗುತ್ತಿತ್ತು.

1964ರಲ್ಲಿ ಅಮೆರಿಕದ ಕಾಂಗ್ರೆಸ್ ನಾಗರಿಕ ಹಕ್ಕುಗಳ ಶಾಸನವನ್ನು ಮಾಡಿತು. ಉದ್ಯೋಗದಲ್ಲಿ ವರ್ಣ, ಧರ್ಮ, ಲಿಂಗಗಳ ಭೇದವನ್ನು ಅದರ ಏಳನೆಯ ಅಧ್ಯಾಯ ನಿಷೇಧಿಸಿತು. ಆದರೆ ಪ್ರಾಮಾಣಿಕವಾದ ಜ್ಯೇಷ್ಠತಾ ಪದ್ಧತಿಗೆ ಬಾಧೆಯಿಲ್ಲವೆಂದೂ ಅದೇ ಶಾಸನದಲ್ಲಿ ಬರೆದಿತ್ತು. ಹಾಗಾದರೆ ನಿನ್ನೆಯ ಭೇದವನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಂದು ಸಭ್ಯವಾಗಿ ನಡೆಯುವ ಪಟ್ಟಿ ಪ್ರಾಮಾಣಿಕವೆ? 1971ರಲ್ಲಿ ಮೇಲ್ಮನವಿಯ ನ್ಯಾಯಾಲಯವೊಂದು ಲ್ಯಾಕವಾನದ ಮೊಕದ್ದಮೆಯಲ್ಲಿ ಅಲ್ಲವೆಂದಿತು. ವಿಭಾಗ ಬದಲಿಸುವ ಕಪ್ಪು ಕೆಲಸಗಾರನು ತನ್ನ ಇಡೀ ಕಾರ್ಖಾನೆಯ ಸೇವೆಯನ್ನೂ ಕೂಲಿಯ ದರವನ್ನೂ ಜೊತೆಗೆ ಕೊಂಡೊಯ್ಯಬಹುದೆಂದು ತೀರ್ಪಿತ್ತಿತು. 1974ರ ಏಪ್ರಿಲ್‌ನಲ್ಲಿ ಒಂಬತ್ತು ಉಕ್ಕಿನ ಕಂಪನಿಗಳೂ ಉಕ್ಕಿನ ಕೆಲಸಗಾರರ ಸಂಘವೂ ಸರ್ಕಾರದೊಡನೆ ಒಪ್ಪಿ, ಇಡೀ ಕಾರ್ಖಾನೆಯ ಸೇವೆಯನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯನ್ನು ತಂದವು. ನಷ್ಟಕ್ಕೊಳಗಾದವರಿಗೆ 3 ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಹಂಚಲು ಒಪ್ಪಿದವು. ಆದರೆ 1977ರಲ್ಲಿ, ಲಾರಿ ಸಾಗಾಣಿಕೆಯ ಕೆಲಸಗಾರರ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಭೇದದ ಉದ್ದೇಶದಿಂದ ಹುಟ್ಟದ ಜ್ಯೇಷ್ಠತಾ ಪದ್ಧತಿಯು, ಶಾಸನಕ್ಕೆ ಹಿಂದಿನ ಭೇದದ ಫಲವನ್ನು ಮುಂದುವರಿಸಿದರೂ, ಕಾನೂನಿಗೆ ವಿರುದ್ಧವಲ್ಲವೆಂದು ಹೇಳಿತು. ಪಟ್ಟಿಯನ್ನು ನಂಬಿ ಬಾಳು ಕಟ್ಟಿಕೊಂಡವರ ನಂಬಿಕೆಗೂ ಬೆಲೆಯಿದೆ ಎಂಬುದು ಅದರ ಇಂಗಿತ.

ಈ ಎರಡು ನ್ಯಾಯಗಳು ಎದುರುಬದುರು ನಿಂತದ್ದು ದಕ್ಷಿಣದ ಲೂಸಿಯಾನ ಸಂಸ್ಥಾನದಲ್ಲಿ, ಗ್ರಾಮರ್ಸಿ ಎಂಬ ಊರಿನ ಕೈಸರ್ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ. ಸುತ್ತಮುತ್ತಲ ದುಡಿಯುವ ಜನರಲ್ಲಿ ನೂರಕ್ಕೆ ಸುಮಾರು 39 ಮಂದಿ ಕಪ್ಪು ಜನರು. ಕಾರ್ಖಾನೆಯ 273 ಕುಶಲ ಕಸುಬುದಾರರಲ್ಲಿ ಕಪ್ಪು ಜನರೆಷ್ಟು? ಐವರು. ಕಂಪನಿಯು ಹೊರಗಿನಿಂದ ಅನುಭವಿಗಳನ್ನೇ ತರುತ್ತಿತ್ತು. ಕಸುಬನ್ನೇ ಕಲಿಸದವರಿಗೆ ಅನುಭವ ಎಲ್ಲಿಂದ ಬಂದೀತು? 1974ರಲ್ಲಿ ಕಂಪನಿಯೂ ಸಂಘವೂ ಸೇರಿ ಕಾರ್ಖಾನೆಯೊಳಗೇ ಕಸುಬು ಕಲಿಸುವ ಏರ್ಪಾಡು ಮಾಡಿದವು. ಆಯ್ಕೆ ಜ್ಯೇಷ್ಠತೆಯ ಮೇಲೆಯೇ. ಆದರೆ ಸಾಲು ಎರಡು. ಕಸುಬುದಾರರಲ್ಲಿ ಕಪ್ಪು ಜನರ ಪ್ರಮಾಣ ಊರಿನ ಪ್ರಮಾಣಕ್ಕೆ ಬರುವ ತನಕ ಅರ್ಧ ಸ್ಥಾನಗಳು ಅವರಿಗೆ. ಮೊದಲ ವರ್ಷ ಆರಿಸಿದ 13 ಮಂದಿಯಲ್ಲಿ 7 ಮಂದಿ ಕಪ್ಪು ಜನರು, 6 ಮಂದಿ ಬಿಳಿಯರು. ಆ ಏಳು ಮಂದಿಯಲ್ಲಿ ಹಿರಿಯನಾದವನಿಗಿಂತ ಹೆಚ್ಚು ಸೇವೆಯಿದ್ದ ಹಲವು ಬಿಳಿಯರಿಗೆ ಸ್ಥಾನ ಸಿಗಲಿಲ್ಲ. ಅವರಲ್ಲೊಬ್ಬನಾದ ಬ್ರಯನ್ ವೆಬರ್ ಎಂಬಾತ ನ್ಯಾಯಾಲಯಕ್ಕೆ ಹೋದನು.

ವೆಬರನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಾನು ಯಾರನ್ನೂ ಹೊರಗಿಟ್ಟವನಲ್ಲ. ನನ್ನ ತಾರೀಖು ಮುಂಚಿನದು. ಪಟ್ಟಿ ನನಗೇಕೆ ಸುಳ್ಳಾಗಬೇಕು? ಇದು ಅವನ ವಾದದ ತಿರುಳು. ಕೆಳಗಿನ ಎರಡು ನ್ಯಾಯಾಲಯಗಳೂ ಅವನ ಪರವಾಗಿಯೇ ಹೇಳಿದವು. 1979ರ ಜೂನ್ 27ರಂದು ಸರ್ವೋಚ್ಚ ನ್ಯಾಯಾಲಯವು ಐವರಿಗೆ ಇಬ್ಬರ ಬಹುಮತದಿಂದ ಆ ತೀರ್ಪನ್ನು ತಿರುಗಿಸಿತು. ನ್ಯಾಯಮೂರ್ತಿ ಬ್ರೆನನ್ ಬರೆದ ತೀರ್ಪಿನಂತೆ, ಈ ಏರ್ಪಾಡಿನಿಂದ ಯಾವ ಬಿಳಿಯನ ಕೆಲಸವೂ ಹೋಗಲಿಲ್ಲ; ಅರ್ಧ ಸ್ಥಾನ ಅವರಿಗೂ ಇತ್ತು; ಅದು ತಾತ್ಕಾಲಿಕವಾದದ್ದು. ಭಿನ್ನಾಭಿಪ್ರಾಯ ಬರೆದ ಬರ್ಗರ್ ಮತ್ತು ರೆನ್‌ಕ್ವಿಸ್ಟ್ ಅವರು, ವರ್ಣವನ್ನು ನೋಡಬಾರದೆಂಬ ಶಾಸನದ ಅಕ್ಷರವನ್ನೇ ಎತ್ತಿ ಹಿಡಿದರು. ಈ ಗದ್ದಲದಲ್ಲಿ ಒಂದು ಸಣ್ಣ ಸಂಗತಿ ಹಲವರ ಕಣ್ಣಿಗೆ ಬೀಳಲಿಲ್ಲ. 1974ರ ಏರ್ಪಾಡಿಗೆ ಮೊದಲು ವೆಬರನಂತಹ ಬಿಳಿಯ ಕೆಲಸಗಾರನಿಗೂ ಆ ಕಾರ್ಖಾನೆಯಲ್ಲಿ ಕಸುಬು ಕಲಿಯುವ ಇಂತಹ ದಾರಿ ಇರಲಿಲ್ಲ. ಕಪ್ಪು ಜನರಿಗೆಂದು ಒಡೆದ ಗೋಡೆಯಲ್ಲಿ ಆರು ಮಂದಿ ಬಿಳಿಯರೂ ಒಳಕ್ಕೆ ಬಂದಿದ್ದರು.

ಲ್ಯಾಕವಾನದ ಕತೆಗೆ ಇನ್ನೊಂದು ಕೊನೆಯಿದೆ. 1983ರಲ್ಲಿ ಬೆತ್ಲೆಹೆಮ್ ಕಂಪನಿ ಅಲ್ಲಿ ಉಕ್ಕು ತಯಾರಿಸುವುದನ್ನೇ ನಿಲ್ಲಿಸಿತು. ವಿಭಾಗದ ಹಿರಿತನ, ಕಾರ್ಖಾನೆಯ ಹಿರಿತನ, ಯಾವುದೂ ಸಾವಿರಾರು ಮನೆಗಳ ಒಲೆಯನ್ನು ಕಾಯಲಿಲ್ಲ. ಪಟ್ಟಿಯು ಇರುವ ನೀರನ್ನು ಹಂಚಬಲ್ಲುದೇ ಹೊರತು ಬತ್ತಿದ ನಲ್ಲಿಯಲ್ಲಿ ನೀರು ತರಿಸಲಾರದು.

ಈ ದೂರದ ಕತೆ ನಮಗೇಕೆ ಎಂದು ತಾವು ಕೇಳಬಹುದು. ನಮ್ಮ ದೇಶದಲ್ಲಿಯೂ ಈ ನ್ಯಾಯ ಕಾನೂನಿನ ರೂಪ ತಾಳಿತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಮಾಡಿದ ತಿದ್ದುಪಡಿಯು, ಹೆಚ್ಚುವರಿ ಕೆಲಸಗಾರರನ್ನು ತೆಗೆಯುವಾಗ ಸಾಮಾನ್ಯವಾಗಿ ಆ ವರ್ಗದಲ್ಲಿ ಕಡೆಗೆ ಬಂದವನನ್ನು ಮೊದಲು ತೆಗೆಯಬೇಕು, ಹಾಗೆ ಮಾಡದಿದ್ದರೆ ಕಾರಣವನ್ನು ಬರೆದಿಡಬೇಕು ಎಂದು ವಿಧಿಸಿತು. ಮತ್ತೆ ಜನ ಬೇಕಾದಾಗ ಹಾಗೆ ಹೋದವರಿಗೆ ಆದ್ಯತೆ. 1957ರ ಕೇಂದ್ರ ನಿಯಮಗಳು, ಜ್ಯೇಷ್ಠತೆಯ ಪಟ್ಟಿಯನ್ನು ಏಳು ದಿನ ಮುಂಚೆಯೇ ನೋಟೀಸು ಹಲಗೆಗೆ ಅಂಟಿಸಬೇಕೆಂದವು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಕಡೆಗೆ ಬಂದವನು ಮೊದಲೆಂಬ ತತ್ತ್ವ ಉಳಿದುಕೊಂಡಿದೆ. ಆ ವರ್ಗದಲ್ಲಿ ಎಂಬ ಎರಡು ಮಾತುಗಳನ್ನು ಗಮನಿಸಿ. ಫಿಟ್ಟರನ ಸಾಲು ಫಿಟ್ಟರನದು, ಹೆಲ್ಪರನ ಸಾಲು ಹೆಲ್ಪರನದು. ಫ್ಲಿಂಟ್‌ನಲ್ಲಿ ಕೇಳಿದ ಪ್ರಶ್ನೆ ನಮ್ಮ ಕಾನೂನಿನ ಈ ಎರಡು ಮಾತುಗಳಲ್ಲಿಯೂ ಅಡಗಿ ಕುಳಿತಿದೆ.

ಜ್ಯೇಷ್ಠತೆಯನ್ನು ಹಳೆಯ ಕಾಲದ ಹೊರೆಯೆಂದು ತೆಗಳುವವರು, ಅದು ಇಲ್ಲದಾಗ ಫೋರ್‌ಮನ್‌ನ ಮನೆಗೆ ಬಣ್ಣ ಬಳಿದವರನ್ನು ನೆನೆಯಲಿ. ಅದನ್ನು ಮುಟ್ಟಲೇಬಾರದೆನ್ನುವವರು, 273ರಲ್ಲಿ ಐವರನ್ನು ನೆನೆಯಲಿ. ನಲ್ಲಿಯ ಮುಂದಿನ ಸಾಲಿಗೆ ನಾವೆಲ್ಲ ತಲೆಬಾಗುತ್ತೇವೆ, ಬಾಗಲೂಬೇಕು. ಆದರೆ ಬೀದಿಯ ಒಂದು ಮನೆಯ ಬಾಗಿಲಿಗೆ ರಾತ್ರಿಯೆಲ್ಲ ಹೊರಗಿನಿಂದ ಅಗುಳಿ ಹಾಕಿ, ಬೆಳಗ್ಗೆ ತೆಗೆದು, ನಿಮ್ಮ ಕೊಡ ಕಡೆಯದಲ್ಲವೆ ಎಂದು ಕೇಳಿದರೆ, ಆ ಮನೆಯಾಕೆ ಏನು ಹೇಳಿಯಾಳು? ಮುಂದಿನ ಸಲ ಯಾವುದಾದರೂ ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಹಿರಿತನದ ಪಟ್ಟಿಯ ಮಾತು ಬಂದಾಗ, ಮೊದಲು ಬಂದವರು ಯಾರೆಂದು ಕೇಳಿ. ಜೊತೆಗೆ, ಬಾಗಿಲು ಎಲ್ಲರಿಗೂ ಯಾವಾಗ ತೆರೆಯಿತೆಂಬುದನ್ನೂ ಒಮ್ಮೆ ವಿಚಾರಿಸಿ.